ಹೋಗುವ ಸೂಜಿ, ಬರುವ ಸೂಜಿ: ಧಾರವಾಡ–ಗದಗ ಸುತ್ತಾಟ

ಗುರುವಾರ, ಧಾರವಾಡ

ಹುಬ್ಬಳ್ಳಿಯಲ್ಲಿ ರೈಲು ಇಳಿದಾಗ ಜಿಟಿಜಿಟಿ ಮಳೆ ಹಿಡಿದಿತ್ತು. ಶ್ರಾವಣ ಶುರುವಾಗಿತ್ತು, ಪಂಚಮಿ ಹತ್ತಿರ ಬಂದಿತ್ತು. ಒಂದು ಚಹಾ ಕುಡಿದು 'ಚಿಗರಿ' ಬಸ್ಸು ಹತ್ತಿದೆವು. ಧಾರವಾಡಕ್ಕೆ 20 ಕಿಲೋಮೀಟರು. ಈ ಬಸ್ಸಿಗೆ ರಸ್ತೆಯ ನಡುವೆ ತನ್ನದೇ ದಾರಿ ಇದೆ, ಹಾಗಾಗಿ ಟ್ರಾಫಿಕ್ಕಿನ ಚಿಂತೆ ಇಲ್ಲ. ಕಾಲೇಜಿನ ಹುಡುಗರು ತುಂಬಿಕೊಳ್ಳುವ ಮೊದಲೇ ಹತ್ತಿದರೆ ಕಿಟಕಿ ಪಕ್ಕ ಜಾಗವೂ ಸಿಗುತ್ತದೆ.

ಜೊತೆಗಿದ್ದವಳು ನನ್ನ ಗೆಳತಿ. ಬಟ್ಟೆಗೆ ವಿನ್ಯಾಸ ಮಾಡುವುದು ಅವಳ ಕೆಲಸ. ನಾನು ಕವಿತೆ ಬರೆಯುತ್ತೇನೆ. ಇಬ್ಬರೂ ಸೇರಿ ಸೀರೆ ಮಾಡೋಣ ಅಂತ ಬಹಳ ದಿನದಿಂದ ಮಾತಾಗಿತ್ತು. ಸೀರೆ ಅವಳದು, ಕವಿತೆ ನನ್ನದು, ಹೊಲಿಗೆ ಧಾರವಾಡದ ಕಸೂತಿ. ಕನ್ನಡದ ಸಾಲುಗಳನ್ನು ಅಚ್ಚು ಹಾಕಿದ ಸೀರೆ, ಕುರ್ತಾ ಈಗ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತವೆ. ನೋಡಲು ಚೆಂದವೇ. ಆದರೆ ಆ ಸಾಲನ್ನು ತೆಗೆದು ಬೇರೆ ಸಾಲು ಹಾಕಿದರೂ ಬಟ್ಟೆಗೆ ಏನೂ ಅನಿಸುವುದಿಲ್ಲ. ಈ ಕವಿತೆ ಈ ಬಟ್ಟೆಯಲ್ಲಿ ಮಾತ್ರ ಇರಬಲ್ಲದು ಅನ್ನುವಂಥದ್ದು ಮಾಡಬೇಕು, ಅದಿಲ್ಲದಿದ್ದರೆ ಬೇಡ. ಇದು ಇಬ್ಬರಿಗೂ ಒಪ್ಪಿಗೆಯಾಗಿತ್ತು. ಅವಳು ತಿಂಗಳುಗಟ್ಟಲೆ ಕೂತು ಗ್ರಾಫ್ ಪೇಪರಿನ ಮೇಲೆ ಕನ್ನಡ ಅಕ್ಷರಗಳನ್ನು ಚೌಕ ಚೌಕವಾಗಿ ಬರೆದು ತಂದಿದ್ದಳು.

ಮೊದಲು ಸಾಧನಕೇರಿಗೆ ಹೋದೆವು. ಕವಿತೆ ಬರೆಯುವವರು ಧಾರವಾಡಕ್ಕೆ ಬಂದು ಬೇಂದ್ರೆಯವರ ಮನೆ ನೋಡದೆ ಹೋಗುವುದುಂಟಾ? ಕೆರೆಯ ಮೇಲೆ ಮಳೆ ಸಣ್ಣಗೆ ಬೀಳುತ್ತಿತ್ತು. ಆಡುವ ಮಾತನ್ನೇ ಕವಿತೆ ಮಾಡಿ, 1973ರಲ್ಲಿ ಜ್ಞಾನಪೀಠ ಪಡೆದ ಕವಿ ಇದೇ ದಂಡೆಯಲ್ಲಿ ಓಡಾಡಿದ್ದರು. ಛತ್ರಿ ಹಿಡಿದು ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ತಾವಾಗಿಯೇ ಮಾತಿಗೆ ನಿಂತರು. ಎಲ್ಲಿಯವರು, ಏನು ಕೆಲಸ ಅಂತ ಕೇಳಿದರು. ಹೇಳಿದೆ. 'ಮಳಿಯಾಗ ಸಾಧನಕೇರಿ ನೋಡಾಕ ಬಂದೀರಿ ಅಂದ್ರ ಖರೇನ ಕವಿತಾ ಬರೀತೀರಿ ಬಿಡ್ರಿ' ಅಂದರು. ಆಮೇಲೆ ಗೆಳತಿಯ ಕಡೆ ತಿರುಗಿ, 'ನೀವು ಬಟ್ಟಿ ಮಾಡವ್ರು. ಬಟ್ಟಿ ಇಲ್ಲದ ಮನಶ್ಯಾ ಒಂದಿನಾನೂ ಇರಾಕ ಆಗೂದಿಲ್ಲ. ಮೊದಲ ನಿಮ್ಮ ಮಾತು ಕೇಳಬೇಕು' ಅಂದರು. ಅವಳಿಗೆ ಖುಷಿಯೋ ಖುಷಿ.

ಲೈನ್ ಬಜಾರಿನಲ್ಲಿ ಪೇಡೆ ಕಟ್ಟಿಸಿಕೊಂಡು ಮಾಳಮಡ್ಡಿಗೆ ಆಟೋ ಹಿಡಿದೆವು. ಪೇಡೆ ಬೆಳಿಗ್ಗೆಯೇ ತೆಗೆದುಕೊಳ್ಳಿ. ಹಬ್ಬ ಹತ್ತಿರ ಬಂದರೆ ಸಂಜೆ ಹೊತ್ತಿಗೆ ಸಾಲು ರಸ್ತೆಗೆ ಬರುತ್ತದೆ.

ಮಾಳಮಡ್ಡಿಯಲ್ಲಿ ಗೆಳತಿಯ ತಾಯಿಗೆ ಗೊತ್ತಿದ್ದ ಕಾಕು, ಅಂದರೆ ಚಿಕ್ಕಮ್ಮ, ಒಬ್ಬರಿದ್ದಾರೆ. ಹತ್ತು ವರ್ಷದ ಹುಡುಗಿಯಿದ್ದಾಗಿನಿಂದ ಕಸೂತಿ ಹಾಕಿದವರು. 'ಬರ್ರಿ ಬರ್ರಿ, ತೊಯ್ಸಿಕೊಂಡೀರಿ' ಅಂತ ಟವೆಲ್ಲು ಕೊಟ್ಟು, ಅವಲಕ್ಕಿ ಕೈಗಿಟ್ಟು, ಆಮೇಲೆ ತಮ್ಮ ಪೆಟ್ಟಿಗೆ ತೆರೆದರು. ಮೇಲೇ ಇದ್ದದ್ದು ಕಪ್ಪು ಚಂದ್ರಕಾಳಿ ಸೀರೆ, ಅವರ ಮದುವೆಯದು. ಸೆರಗಿನ ತುಂಬ ತೇರು, ಗೋಪುರ, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ. ಸೆರಗನ್ನು ತಿರುವಿ ತೋರಿಸಿದರು. ಹಿಂದೆಯೂ ಅದೇ ತೇರು, ಅದೇ ಗೋಪುರ. ಎಲ್ಲೂ ಒಂದು ಗಂಟಿಲ್ಲ.

ಕಸೂತಿ ಹಾಕುವುದನ್ನು ಹತ್ತಿರದಿಂದ ನೋಡಿದ್ದು ನಾನು ಅವತ್ತೇ. ಬಟ್ಟೆಯ ಮೇಲೆ ಪೆನ್ಸಿಲ್ಲಿನ ಗೆರೆ ಇಲ್ಲ, ಅಚ್ಚಿಲ್ಲ. ಬಟ್ಟೆಯ ಎಳೆಯನ್ನು ಎಣಿಸುತ್ತಾರೆ, ಅಷ್ಟೇ. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ. ದಾರದ ತುದಿಗೆ ಗಂಟು ಹಾಕುವುದಿಲ್ಲ. ಸ್ವಲ್ಪ ಬಾಲ ಬಿಟ್ಟು, ಮುಂದಿನ ಹೊಲಿಗೆಗಳ ಕೆಳಗೆ ಅದನ್ನು ಸಿಕ್ಕಿಸಿಬಿಡುತ್ತಾರೆ. ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಮಾತ್ರ ಮೇಲೆ ಕಾಣುತ್ತದೆ. ನಡುವೆ ಖಾಲಿ. ಕೊನೆ ಮುಟ್ಟಿ ಅದೇ ದಾರಿಯಲ್ಲಿ ತಿರುಗಿ ಬರುವಾಗ ಆ ಖಾಲಿಗಳು ತುಂಬಿಕೊಳ್ಳುತ್ತವೆ. ಇದೇ ಗವಂತಿ. ಮೆಟ್ಟಿಲು ಮೆಟ್ಟಿಲಾಗಿ ಏರಿಳಿದರೆ ಮುರ್ಗಿ. ನೇಯ್ಗೆಯ ಹಾಗೆ ಉದ್ದುದ್ದ ಎಳೆದು ಹಾಕಿದರೆ ನೇಗಿ. ಅಡ್ಡ ಕತ್ತರಿಯಾಗಿ ಹಾಕಿದರೆ ಮೆಂತೆ. ಕಾಕುವಿನ ಕಣ್ಣಿಗೆ ದಪ್ಪ ಕನ್ನಡಕವಿತ್ತು. ಆದರೆ ಎಳೆ ಎಣಿಸುವಾಗ ಅವರು ನೋಡುತ್ತಲೇ ಇರಲಿಲ್ಲ. ಹೆಬ್ಬೆರಳ ಉಗುರಿನಿಂದ ಸವರಿ ಎಣಿಸುತ್ತಿದ್ದರು.

ಗೆಳತಿ ಗ್ರಾಫ್ ಪೇಪರ್ ಬಿಚ್ಚಿದಳು. ಕಾಕು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದ್ದು ಇಷ್ಟು:

'ನಿಮ್ಮ ಅಕ್ಷರ ಗುಂಡಗ ಅವ. ನನ್ನ ಸೂಜಿ ನೆಟ್ಟಗ ಹೋಗ್ತದ.'

ಅಡ್ಡ, ಉದ್ದ, ಇಲ್ಲವೇ ಓರೆ. ಕಸೂತಿಗೆ ಇರುವುದು ಇವಿಷ್ಟೇ ದಾರಿ. ಕನ್ನಡದ ಅಕ್ಷರವೋ, ಬಳುಕದೆ ನಿಲ್ಲುವುದೇ ಇಲ್ಲ. ಚೌಕದಲ್ಲಿ ಹಿಡಿದು ಕೂರಿಸಿದರೆ 'ಎ' ಯಾವುದು 'ವಿ' ಯಾವುದು ಗೊತ್ತಾಗುವುದಿಲ್ಲ. ಇನ್ನೊಂದು ತೊಡಕು ಹಿಂದಿನ ಮಗ್ಗುಲಿನದು. ಗವಂತಿ ಎರಡೂ ಕಡೆ ಒಂದೇ ಇರಬೇಕು. ಮುಂದೆ 'ಕ' ಬರೆದರೆ ಹಿಂದೆ ಅದು ಉಲ್ಟಾ. 'ಮೆಂತೇದಾಗ ಹಾಕಬಹುದು ತಂಗೀ. ಆದ್ರ ಹಿಂದಿನ ಮಾರಿ ಚಂದ ಇರೂದಿಲ್ಲ. ನನಗ ಅದು ಮನಸಿಗೆ ಬರೂದಿಲ್ಲ.'

ತಿಂಗಳುಗಟ್ಟಲೆ ಮಾಡಿದ ಕೆಲಸ ಅದು. ಗೆಳತಿ ಮುಖ ಸಪ್ಪಗೆ ಮಾಡಲಿಲ್ಲ. ಗ್ರಾಫ್ ಪೇಪರನ್ನು ಮಡಚಿ ಇಟ್ಟು, 'ಹಾಗಾದ್ರೆ ಕಾಕು, ಇನ್ನೊಂದ್ ಸಲ ತೋರಿಸ್ರಿ' ಅಂತ ಅವರ ಪಕ್ಕ ಕೂತಳು. ನನಗೆ ಅವಳ ಮೇಲೆ ಇರುವ ಗೌರವ ಇಂಥದ್ದಕ್ಕೇ. ಬಟ್ಟೆ ಬೇಡ ಅಂದದ್ದನ್ನು ಅವಳು ಬಟ್ಟೆಯ ಮೇಲೆ ಹೇರುವುದಿಲ್ಲ.

ಕಾಕು ಒಂದು ಬಿಳಿ ಬಟ್ಟೆಯ ಮೇಲೆ ಕೆಂಪು ದಾರದಲ್ಲಿ ನಾಲ್ಕೂ ಹೊಲಿಗೆಯ ಮಾದರಿ ಹಾಕಿಕೊಟ್ಟರು. ದಾರ ನಾವು ತಂದದ್ದು. 'ಹೊಸಾ ದಾರ ಅದ. ಹೊಲಿಯೂಕಿಂತ ಮೊದಲ ಉಪ್ಪಿನ ನೀರಾಗ ಹಾಕಿ ನೋಡಬೇಕಿತ್ತು. ಇರಲಿ, ಇದು ಮಾದರಿ' ಅಂದರು. ರವಿವಾರ ತಾವು ಪಂಚಮಿಗೆಂದು ಹುಬ್ಬಳ್ಳಿಯ ಉಣಕಲ್ಲಿಗೆ, ತವರಿಗೆ ಹೋಗುವುದಾಗಿಯೂ, ನಾವು ಅಲ್ಲಿಗೇ ಬರಬೇಕೆಂದೂ ಹೇಳಿ ಕಳಿಸಿದರು.

ಶುಕ್ರವಾರ, ಅಣ್ಣಿಗೇರಿ ದಾಟಿ ಗದಗಕ್ಕೆ

ಹುಬ್ಬಳ್ಳಿಯಿಂದ ಗದಗ ಸುಮಾರು 60 ಕಿಲೋಮೀಟರು. ಊರು ದಾಟಿದರೆ ಎರಡೂ ಕಡೆ ಎರೆಭೂಮಿ. ಮಳೆ ಕುಡಿದು ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಹೆಸರು ಕಾಯಿ ಕಟ್ಟುತ್ತಿತ್ತು. ಗೋವಿನಜೋಳ ಮೊಣಕಾಲು ದಾಟಿತ್ತು. ಮರ ಕಡಿಮೆ, ಆಕಾಶ ಜಾಸ್ತಿ. ಗೆಳತಿ ಕಿಟಕಿಗೆ ಮುಖ ಹಚ್ಚಿ ಬಣ್ಣ ಬರೆದುಕೊಳ್ಳುತ್ತಿದ್ದಳು. ಹಸಿ ಎರೆಮಣ್ಣಿನ ಕಪ್ಪು, ಒಣಗಿದ ಬದುವಿನ ಬೂದಿ ಕಪ್ಪು, ಮೋಡದ ನೆರಳು ಬಿದ್ದ ಕಪ್ಪು. ಚಂದ್ರಕಾಳಿಯ ಕಪ್ಪು ಎಲ್ಲಿಂದ ಬಂತು ಅಂತ ಈ ರಸ್ತೆ ನೋಡಿದರೆ ಸಾಕು ಅನ್ನುವುದು ಅವಳ ಮಾತು. ಪುಸ್ತಕದಲ್ಲಿ ಹಾಗೆ ಬರೆದಿಲ್ಲದೇ ಇರಬಹುದು. ಆ ಕಿಟಕಿಯಲ್ಲಿ ಕೂತು ನಾನಂತೂ ನಂಬಿದೆ.

ಅಣ್ಣಿಗೇರಿಗೆ ಸ್ವಲ್ಪ ಮೊದಲು ಬಸ್ಸಿನ ಟೈರು ಪಂಚರ್. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಹಿಂದೆ ಬಂದ ಟಂಟಂನಲ್ಲಿ ಊರೊಳಗೆ ಹೋದೆವು. ಬಿಸಿ ಗಿರ್ಮಿಟ್, ಮೆಣಸಿನಕಾಯಿ ಬಜ್ಜಿ. ಚುರುಮರಿಗೆ ಹುಣಸೆ ಗೊಜ್ಜು ಕಲಸಿ, ಮೇಲೆ ಹಸಿ ಉಳ್ಳಾಗಡ್ಡಿ, ಪುಟಾಣಿ ಹಿಟ್ಟು ಉದುರಿಸಿ ಕೊಡುತ್ತಾರೆ. ಕೊಟ್ಟ ಕೂಡಲೇ ತಿನ್ನಬೇಕು, ಮಾತಾಡುತ್ತ ನಿಂತರೆ ಮೆತ್ತಗಾಗುತ್ತದೆ. ಬದಲಿ ಬಸ್ಸಿಗೆ ಒಂದು ತಾಸು ಇದೆ ಅಂದರು. ಅಮೃತೇಶ್ವರ ಗುಡಿಗೆ ನಡೆದೆವು. ಕಲ್ಯಾಣ ಚಾಲುಕ್ಯರ ಕಾಲದ್ದು, ಕರಿಕಲ್ಲಿನ ಗುಡಿ. ಪಂಪನ ಊರು ಇದು ಅಂತ ಊರವರಿಗೆ ಇವತ್ತಿಗೂ ಹೆಮ್ಮೆ. ಬಜ್ಜಿ ಕರಿಯುತ್ತಿದ್ದ ಅಣ್ಣನೂ 'ಪಂಪ ನಮ್ಮವ್ನ್ರಿ' ಅಂದ. ಪಕ್ಕದ ಮನೆಯ ಹುಡುಗನ ಬಗ್ಗೆ ಹೇಳುವಷ್ಟು ಸಲೀಸಾಗಿತ್ತು ಆ ಮಾತು.

ಗದಗ ಮುಟ್ಟುವ ಹೊತ್ತಿಗೆ ಮಳೆ ಜೋರಾಯಿತು. ಆಟೋ ಇಳಿದು ವೀರನಾರಾಯಣ ಗುಡಿಯ ಬಾಗಿಲಿಗೆ ಓಡುವಾಗ ಗಾಳಿಗೆ ಛತ್ರಿ ಹಿಂದುಮುಂದಾಯಿತು. ಗೆಳತಿಯ ಹೆಗಲ ಚೀಲ ಪೂರಾ ತೊಯ್ದಿತು. ಒಳಗೆ ಕಟ್ಟೆಯ ಮೇಲೆ ಕೂತು ಚೀಲ ಬಿಚ್ಚಿದರೆ, ಕಾಕು ಹಾಕಿಕೊಟ್ಟ ಮಾದರಿಯ ಕೆಂಪು ಬಣ್ಣ ಬಿಟ್ಟು ಬಿಳಿ ಬಟ್ಟೆಯೆಲ್ಲ ಗುಲಾಬಿಯಾಗಿತ್ತು. ಅವಳಿಗೆ ಕಣ್ಣಲ್ಲಿ ನೀರು ಬಂತು. ಬಟ್ಟೆ ಹಿಂಡಿ, ಕಂಬದ ಪಕ್ಕದ ಕಟ್ಟೆಯ ಮೇಲೆ ಹರವಿದೆವು.

ಅಲ್ಲಿ ಒಬ್ಬ ಅಜ್ಜ ಕೂತಿದ್ದರು. ಧೋತರ, ತಲೆಗೆ ಬಿಳಿ ರುಮಾಲು. ಹರವಿದ ಬಟ್ಟೆಯನ್ನೇ ನೋಡಿ, 'ಒಣಗೂತನಾ ಬರೀರಿ ಹಂಗಾರ' ಅಂದರು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಜ್ಜ ನಗುತ್ತ ಹೇಳಿದರು. ಕುಮಾರವ್ಯಾಸ ಇದೇ ಗುಡಿಯ ಕೋನೇರಿಯಲ್ಲಿ ಮಿಂದು, ಒದ್ದೆ ಧೋತರದಲ್ಲಿ ಬಂದು, ಆ ಕಂಬಕ್ಕೆ ಒರಗಿ ಕೂತು ಭಾರತ ಹೇಳುತ್ತಿದ್ದನಂತೆ. ಮೈಮೇಲಿನ ಬಟ್ಟೆ ಒದ್ದೆ ಇರುವವರೆಗೆ ಪದ್ಯ ಬರುತ್ತಿತ್ತು. ಒಣಗಿತೋ, ಅವತ್ತಿನದು ಮುಗಿಯಿತು. ಈ ಕಥೆ ಕನ್ನಡ ಓದಿದವರಿಗೆಲ್ಲ ಗೊತ್ತಿರುವುದೇ. ನನಗೂ ಗೊತ್ತಿತ್ತು. ಆದರೆ ಬಟ್ಟೆಯೊಂದು ಕವಿತೆಗೆ ಅಳತೆಯಾಗಿತ್ತು ಅನ್ನುವುದು ಆ ಕಂಬದ ಎದುರು ತೊಯ್ದು ಕೂತಾಗಲೇ ಹೊಳೆದದ್ದು.

ಅಜ್ಜನಿಗೆ ಪದ್ಯಗಳು ಬಾಯಿಪಾಠ. ಹೇಳುವಾಗ ತೊಡೆಯ ಮೇಲೆ ಬೆರಳಲ್ಲಿ ತಟ್ಟುತ್ತಿದ್ದರು. ಮೂರು, ನಾಲ್ಕು, ಮೂರು, ನಾಲ್ಕು. ಭಾಮಿನಿ ಷಟ್ಪದಿಯ, ಅಂದರೆ ಆ ಭಾರತದ ಆರು ಸಾಲಿನ ಛಂದಸ್ಸಿನ, ನಡಿಗೆಯೇ ಅದು. ಮಾತ್ರೆ ಅಂದರೆ ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು. ಮೊದಲ ಎರಡು ಸಾಲಿಗೆ ಮೂರು-ನಾಲ್ಕು ಮೂರು-ನಾಲ್ಕರಂತೆ 14 ಮಾತ್ರೆ. ಮೂರನೇ ಸಾಲಿಗೆ ಅದೇ ಮೂರು-ನಾಲ್ಕು ಮೂರು ಸಲ ಬಂದು, ಕೊನೆಗೆ ಒಂದು ಗುರು, ಅಂದರೆ ಎರಡು ಮಾತ್ರೆ. ಒಟ್ಟು 23. ಮುಂದಿನ ಮೂರು ಸಾಲು ಮತ್ತೆ ಇದೇ ಲೆಕ್ಕ. ಆರು ಸಾಲಿಗೆ 102 ಮಾತ್ರೆ.

ಗೆಳತಿ ಅಜ್ಜನ ಬೆರಳನ್ನೇ ನೋಡುತ್ತಿದ್ದಳು. ಇದ್ದಕ್ಕಿದ್ದ ಹಾಗೆ ನನ್ನ ತೋಳು ಹಿಡಿದು, 'ಇವರೂ ಎಣಿಸ್ತಾರೆ ಕಣೇ!' ಅಂದಳು.

ರಾತ್ರಿ ಖಾನಾವಳಿಯಲ್ಲಿ ಉಂಡೆವು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ರೊಟ್ಟಿ ಸಾಕು ಅಂತ ಕೈ ಅಡ್ಡ ಹಿಡಿಯುವವರೆಗೂ ಹಾಕುತ್ತಲೇ ಇರುತ್ತಾರೆ. ಲಾಡ್ಜಿಗೆ ಬಂದು ಇಬ್ಬರೂ ಮಲಗಲಿಲ್ಲ. ಅವಳು ಹೊಸ ಗ್ರಾಫ್ ಪೇಪರ್ ತೆಗೆದಳು. ಒಂದು ಮಾತ್ರೆಗೆ ಒಂದು ಹೊಲಿಗೆ. ಮೂರು ಹೊಲಿಗೆ ಮೇಲೆ, ನಾಲ್ಕು ಅಡ್ಡ, ಮೂರು ಕೆಳಗೆ, ನಾಲ್ಕು ಅಡ್ಡ. ಇದು ಒಂದು ಸಾಲು. ಎರಡನೇ ಸಾಲೂ ಹೀಗೇ. ಮೂರನೆಯದು ಏರಿ ಇಳಿದು ಮತ್ತೆ ಏರಿ, ಕೊನೆಯ ಗುರುವಿನ ಎರಡು ಹೊಲಿಗೆ ಇನ್ನೂ ಮೇಲಕ್ಕೆ ಹೋಗಿ ಕಳಸದ ಹಾಗೆ ನಿಂತಿತು. ಉಳಿದ ಮೂರು ಸಾಲನ್ನು ಅವಳು ತಲೆಕೆಳಗಾಗಿ ಎಳೆದಳು. ಕೊನೆಯ ಹೊಲಿಗೆ ಸರಿಯಾಗಿ ಶುರುವಿನ ಗೆರೆಗೆ ಬಂದು ಕೂತಿತು. ಪಕ್ಕದಲ್ಲಿ ಮತ್ತೆ ಅದನ್ನೇ ಶುರು ಮಾಡಬಹುದು. ಒಂದು ಗೇಣಿನೊಳಗೆ ಒಂದು ಷಟ್ಪದಿ. ಅಕ್ಷರ ಒಂದೂ ಇಲ್ಲ.

ನನ್ನ ಕಡೆಯಿಂದ ಅವತ್ತು ರಾತ್ರಿ ಮೂರೇ ಸಾಲು ಬಂದದ್ದು:

ಹೋದ ದಾರಿಯೆ ಮರಳಿ ಬಂದಿತು
ಕಾದ ಸೂಜಿಗೆ ನೂಲು ಸಿಕ್ಕಿತು
ಬೀದಿ ಸುತ್ತಿದ ತೇರು ನಿಂತಿತು ಸೀರೆಯಂಚಿನಲಿ

ಶನಿವಾರ, ಲಕ್ಕುಂಡಿ ಮತ್ತು ಬೆಟಗೇರಿ

ಗದಗದಿಂದ ಲಕ್ಕುಂಡಿ ಹತ್ತಿರವೇ, ಸುಮಾರು 12 ಕಿಲೋಮೀಟರು. ಕೊಪ್ಪಳದ ಕಡೆ ಹೋಗುವ ಬಸ್ಸುಗಳು ನಿಲ್ಲಿಸುತ್ತವೆ. ಮಳೆ ಬಿಟ್ಟು ಎಳೆಬಿಸಿಲು ಬಿದ್ದಿತ್ತು. ನೂರೊಂದು ಗುಡಿ, ನೂರೊಂದು ಬಾವಿ ಅನ್ನುತ್ತಾರೆ ಈ ಊರಿಗೆ. ಒಂದೇ ದಿನದಲ್ಲಿ ಎಲ್ಲ ನೋಡುವ ಆಸೆ ಬೇಡ. ಬ್ರಹ್ಮಜಿನಾಲಯ, ಕಾಶಿವಿಶ್ವನಾಥ, ಮುಸುಕಿನ ಬಾವಿ, ಇಷ್ಟನ್ನು ನಿಧಾನಕ್ಕೆ ನೋಡಿದರೆ ಸಾಕು.

ಬ್ರಹ್ಮಜಿನಾಲಯ ಕಟ್ಟಿಸಿದವಳು ಅತ್ತಿಮಬ್ಬೆ. ಪೊನ್ನನ ಕಾವ್ಯವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ ತಾಯಿ. ಸಾವಿರ ಪ್ರತಿ ಅಂದರೆ ಸಾವಿರ ಸಲ ಯಾರೋ ಕೂತು ಓಲೆಗರಿಯ ಮೇಲೆ ಕಂಟದಿಂದ ಕೊರೆಯಬೇಕು. ಕವಿಯ ಹೆಸರು ಉಳಿಯಿತು, ಬರೆಸಿದವಳ ಹೆಸರು ಉಳಿಯಿತು. ಕೊರೆದವರ ಹೆಸರು ಎಲ್ಲಿದೆ? ಆ ಗುಡಿಯ ನೆರಳಲ್ಲಿ ನಾವಿಬ್ಬರೂ ಮಾತಾಡಿದ್ದು ಇದನ್ನೇ. ಸೀರೆಯ ಚೀಟಿಯ ಮೇಲೆ ವಿನ್ಯಾಸ ಇವರದು, ಕವಿತೆ ಇವರದು ಅಂತ ಹಾಕಿ, ಹೊಲಿದವರನ್ನು ಬಿಟ್ಟರೆ ಅದು ಸರಿಯಲ್ಲ. ಕಾಕು 'ಗುಂಡಗ ಅವ' ಅಂತ ಹೇಳದೇ ಇದ್ದಿದ್ದರೆ ನಾವು ಗದಗಕ್ಕೆ ಬೇರೆಯೇ ಕಣ್ಣಲ್ಲಿ ಬರುತ್ತಿದ್ದೆವು.

ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಗೆಳತಿ ಕೂತವಳು ಏಳಲೇ ಇಲ್ಲ. ಮೆಟ್ಟಿಲು, ನಡುವೆ ಸಣ್ಣ ಸಣ್ಣ ಗೂಡು, ಮತ್ತೆ ಮೆಟ್ಟಿಲು. ಕಸೂತಿಯ ಗೋಪುರವನ್ನು ಕವುಚಿ ನೆಲದೊಳಗೆ ಇಳಿಸಿದಂತೆ ಇದೆ ಅಂದಳು. ಆಡು ಕಾಯುತ್ತಿದ್ದ ಹುಡುಗಿಯೊಬ್ಬಳು ನಮ್ಮ ಗ್ರಾಫ್ ಪೇಪರ್ ಇಣುಕಿ ನೋಡಿ, 'ಇದು ಬಾವೀದು ಚಿತ್ರ ಏನ್ರಿ ಯಕ್ಕಾ?' ಅಂತ ಕೇಳಿದಳು. ಹೌದು ಅಂದಳು ಗೆಳತಿ. ಸುಳ್ಳೇನೂ ಅಲ್ಲ.

ಮಧ್ಯಾಹ್ನ ಬೆಟಗೇರಿ. ಓಣಿ ಹೊಕ್ಕರೆ ಮಗ್ಗದ ಸದ್ದೇ ದಾರಿ ತೋರಿಸುತ್ತದೆ. ಕೈಮಗ್ಗ ಹುಡುಕುವವರು ನಿಧಾನ ಬಡಿಯುವ ಸದ್ದಿಗೆ ಕಿವಿ ಕೊಡಬೇಕು. ಒಬ್ಬ ಹಿರಿಯ ನೇಕಾರರು ಕುಣಿಮಗ್ಗದಲ್ಲಿ ಕೂತಿದ್ದರು. ಕಾಲು ಕುಣಿಯೊಳಗೆ, ಕೈಯಲ್ಲಿ ಲಾಳಿ. ಮಳೆಗಾಲಕ್ಕೆ ಕುಣಿಯಲ್ಲಿ ತಂಪು ಏರಿ ಮೊಣಕಾಲು ನೋಯುತ್ತದಂತೆ. ಗೆಳತಿಗೆ ಬೇಕಿದ್ದದ್ದು ಒಂದೇ, ಹಾಸಿನ (ಉದ್ದದ) ಎಳೆಯೂ ಹೊಕ್ಕಿನ (ಅಡ್ಡದ) ಎಳೆಯೂ ಸರಿಸಮ ಇರುವ ಬಟ್ಟೆ. ಒಂದು ಅಂಗುಲಕ್ಕೆ ಹಾಸು ಜಾಸ್ತಿ, ಹೊಕ್ಕು ಕಡಿಮೆ ಆದರೆ ಕಸೂತಿಯ ಚೌಕ ಚೌಕವಾಗಿ ಉಳಿಯುವುದಿಲ್ಲ, ತೇರು ಉದ್ದಕ್ಕೆ ಜಗ್ಗಿಕೊಳ್ಳುತ್ತದೆ.

ನೇಕಾರರು ನಮ್ಮ ನಕ್ಷೆ ನೋಡಿ, ಬೆರಳಿಟ್ಟು, ಬಾಯಲ್ಲೇ ಎಣಿಸಿದರು. 'ಮೂರು ಏರ್ತೈತಿ, ನಾಕು ಅಡ್ಡ ಹೊಕ್ಕೈತಿ. ಲೆಕ್ಕ ಛಲೋ ಐತಿ. ಬಡಿಯೂದು ಒಂದ ಹದದಾಗ ಇರಬೇಕು. ಇವತ್ತು ಜೋರು, ನಾಳಿ ಮೆತ್ತಗ ಆದ್ರ ನಿಮ್ಮ ಪದ ತಪ್ತೈತಿ.' ಪದ ಅಂದದ್ದು ಹಾಡಿಗೆ. ನಾವು ಅದು ಷಟ್ಪದಿ ಅಂತ ಅವರಿಗೆ ಹೇಳಿಯೇ ಇರಲಿಲ್ಲ! ಕೇಳಿದರೆ, 'ಇಷ್ಟು ಎಣಿಸಿ ಮಾಡಿದ್ದು ಮತ್ತೇನಿರ್ತೈತ್ರಿ' ಅಂದರು. ನೇಕಾರ ವಚನಕಾರನಾದ ನಾಡು ಇದು. ಜೇಡರ ದಾಸಿಮಯ್ಯ ಮಗ್ಗದಿಂದ ಎದ್ದು ಬಂದು ವಚನ ಹೇಳಿದವನು. ವಿನ್ಯಾಸದವರು ಬೇರೆ, ಕವಿ ಬೇರೆ, ಮಾಡುವವರು ಬೇರೆ ಅಂತ ನಾವು ಈಗ ಹಂಚಿಕೊಂಡಿರುವುದು ಆತನಿಗೆ ವಿಚಿತ್ರವಾಗಿ ಕಾಣುತ್ತಿತ್ತೋ ಏನೋ.

ಚಹಾ ಬಂತು. ಕೂಲಿಯ ಮಾತೂ ಬಂತು. ಅವರ ಇಬ್ಬರು ಮಕ್ಕಳೂ ಮಗ್ಗ ಬಿಟ್ಟಿದ್ದಾರೆ. ಬಟ್ಟೆ ಮಾರಿದ ಮೇಲೆ ದುಡ್ಡು ಕೊಡುವುದಾದರೆ ಬೇಡ, ಅರ್ಧ ಮೊದಲೇ ಕೊಡಿ ಅಂದರು. ಗೆಳತಿ ಅಲ್ಲೇ ಕೊಟ್ಟಳು. ನೇರವಾಗಿ ನೇಕಾರರ ಹತ್ತಿರ ಬಟ್ಟೆ ಹೇಳುವವರು ಇದನ್ನು ಮನಸ್ಸಲ್ಲಿಟ್ಟುಕೊಳ್ಳಿ. ನೂಲನ್ನು ನೇಕಾರರೇ ಕೊಂಡು ತರಬೇಕಾಗುತ್ತದೆ, ಆ ಖರ್ಚಿನ ಭಾರ ಅವರ ಮೇಲೆ ಬಿಡಬಾರದು. ಹೊರಡುವಾಗ ಪಕ್ಕದ ಮನೆಯವರೊಬ್ಬರು 'ಕಣಗಿನಹಾಳ ನೋಡಿದ್ರೇನು?' ಅಂತ ಕೇಳಿದರು. 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ ಊರು, ಗದಗದ ಮಗ್ಗುಲಲ್ಲೇ ಇದೆ. ಹೊತ್ತಾಗಿತ್ತು, ಹೋಗಲಾಗಲಿಲ್ಲ. ಆದರೆ ನಾಲ್ವರು ಸೇರಿ ಮಾಡುವ ಕೆಲಸದ ದುಡ್ಡನ್ನು ಹೇಗೆ ಹಂಚಬೇಕು ಅನ್ನುವುದು ಬಸ್ಸಿನ ಉದ್ದಕ್ಕೂ ನಮ್ಮ ಮಾತಾಯಿತು.

ರವಿವಾರ, ಹುಬ್ಬಳ್ಳಿಯ ಉಣಕಲ್

ಪಂಚಮಿ ಇನ್ನೂ ಬಂದಿರಲಿಲ್ಲ, ಮನೆಯಲ್ಲಿ ಆಗಲೇ ಹಬ್ಬ ಬಂದಿತ್ತು. ಕಾಕುವಿನ ತಂಗಿಯರು, ಅವರ ಮಕ್ಕಳು, ಮೊಮ್ಮಕ್ಕಳು. ತೊಲೆಗೆ ಜೋಕಾಲಿ ಕಟ್ಟಿತ್ತು. ಡಬ್ಬಿ ತುಂಬ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು. ಕೂತ ಕೂಡಲೇ ರೊಟ್ಟಿ ಬಂತು, ಅದರ ಮೇಲೆ ಅಕ್ಕಪಕ್ಕದ ಮನೆಗಳಿಂದ ಬಂದ ಬಗೆಬಗೆ ಪಲ್ಯ. ಈ ದಿನಗಳಲ್ಲಿ ಈ ಕಡೆ ಯಾರ ಮನೆಗಾದರೂ ಹೋಗುವವರು ನಾಷ್ಟಾ ಮಾಡದೆ ಹೋಗುವುದು ಒಳ್ಳೆಯದು.

ಗುಲಾಬಿಯಾದ ಮಾದರಿಯನ್ನು ನೋಡಿ ಕಾಕು, 'ನಾ ಹೇಳಿದ್ನೆಲ್ಲ ಉಪ್ಪಿನ ನೀರು' ಅಂದರು, ಮತ್ತೇನೂ ಅನ್ನಲಿಲ್ಲ. ಹೊಸ ದಾರ ತಾವೇ ನೆನೆಹಾಕಿ ಒಣಗಿಸಿಟ್ಟಿದ್ದರು. ಗೆಳತಿ ನಕ್ಷೆ ಮುಂದಿಟ್ಟಳು. ಕಾಕು ಕನ್ನಡಕ ಏರಿಸಿದರು. ಈ ಸಲ ಬಹಳ ಹೊತ್ತು ನೋಡಲಿಲ್ಲ.

'ಇದು ಹೋಗ್ತದ. ಗವಂತಿನೂ ಹೌದು, ಮುರ್ಗಿನೂ ಹೌದು. ತಾ ಬಟ್ಟಿ.'

ಹೊಲಿಯುತ್ತ ಹೊಲಿಯುತ್ತ ಲೆಕ್ಕ ತಪ್ಪಬಾರದು ಅಂತ ನಾನು ಮೂರು ಸಾಲನ್ನು ಹೇಳಿಕೊಟ್ಟೆ. ಅವರು ಗುನುಗಲು ಶುರು ಮಾಡಿದರು. ಹೋದ, ಅಂದರೆ ಮೂರು ಹೊಲಿಗೆ ಮೇಲೆ. ದಾರಿಯೆ, ನಾಲ್ಕು ಅಡ್ಡ. ಮರಳಿ, ಮೂರು ಕೆಳಗೆ. ಬಂದಿತು, ನಾಲ್ಕು ಅಡ್ಡ. ಮೂರು ಸಾಲು ಮುಗಿದ ಮೇಲೆ ಮತ್ತೆ ಅದನ್ನೇ ಹೇಳುತ್ತ ಉಳಿದ ಅರ್ಧ ಹೊಲಿದರು. ಒಂದು ಕಡೆ ಸೂಜಿ ನಿಂತಿತು. 'ಇಲ್ಲಿ ಒಂದು ಜಾಸ್ತಿ ಆತು. ಹಾಡು ಮುಂದ ಹೋತು, ಕೈ ಹಿಂದುಳೀತು' ಅಂತ ತಾವೇ ಬಿಚ್ಚಿ ಸರಿಮಾಡಿದರು. ಕಣ್ಣಿಗೆ ಕಾಣುವ ಮೊದಲೇ ಅವರಿಗೆ ತಪ್ಪು ಕಿವಿಗೆ ಗೊತ್ತಾಗಿತ್ತು. ನಾನು ಎಷ್ಟೋ ಕಡೆ ಕವಿತೆ ಓದಿದ್ದೇನೆ. ನನ್ನ ಮಾತ್ರೆಗಳು ಯಾರ ಕೈಗಾದರೂ ದಾರಿ ತೋರಿಸಿದ್ದು ಇದೇ ಮೊದಲು.

ಹೋಗುವ ಸೂಜಿ ಕೊನೆ ಮುಟ್ಟಿತು. 102 ಹೊಲಿಗೆಯ ದಾರಿಯಲ್ಲಿ ಮೇಲೆ ಕಂಡದ್ದು 51. ಉಳಿದ 51 ಖಾಲಿ. ಗೆಳತಿ ನನ್ನ ಮುಖ ನೋಡಿದಳು. ಮೂರು ಸಾಲಿಗೆ 14, 14, 23. ಕೂಡಿದರೆ 51. ಅರ್ಧ ಷಟ್ಪದಿ. ಹೋಗುವ ಸೂಜಿ ಹೇಳುವುದು ಅರ್ಧ ಪದ್ಯದಷ್ಟು ಹೊಲಿಗೆ, ಬರುವ ಸೂಜಿ ಹೇಳುವುದು ಇನ್ನರ್ಧ. ಇದನ್ನು ನಾವು ಯಾರೂ ಯೋಚಿಸಿ ಇಟ್ಟಿರಲಿಲ್ಲ.

'ಹೋದದ್ದು ಆತು. ಬರೂದು ಎಲ್ಲದ ತಂಗೀ?' ಅಂತ ಕಾಕು ಕೇಳಿದರು.

ಬರುವ ಸಾಲು ನನ್ನ ಹತ್ತಿರ ಇರಲಿಲ್ಲ. ಅಷ್ಟರಲ್ಲಿ ಮೊಮ್ಮಗು ಬಂದು ದಾರದ ಉಂಡೆ ಎಳೆಯಿತು. ಗಂಟು ಬಿತ್ತು. ಕಾಕು ಬಯ್ಯಲಿಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಬೆರಳ ತುದಿಯಲ್ಲಿ ಗಂಟನ್ನು ಸಡಿಲಿಸಿ, ಒಂದೊಂದೇ ಸುತ್ತು ಬಿಡಿಸಿದರು. ಕತ್ತರಿ ಮುಟ್ಟಲಿಲ್ಲ. ಆ ಕಡೆ ಇಬ್ಬರು ತಂಗಿಯರು ಬಟ್ಟೆಯ ಯಾವ ಮಗ್ಗುಲು ಮೇಲೆ ಬರಬೇಕು ಅಂತ ಜಗಳಕ್ಕೆ ಬಿದ್ದಿದ್ದರು. ಎರಡೂ ಒಂದೇ ಅಂತ ತಿರುವಿ ನೋಡಿ ಸುಮ್ಮನಾದರು. ನಾನು ಜೋಕಾಲಿಯ ಪಕ್ಕ ಕೂತು ಬರೆದೆ:

ಆದ ಗಂಟನು ಬೆರಳು ಬಿಡಿಸಿತು
ವಾದ ಮರೆತವು ಎರಡು ಬದಿಗಳು
ಹಾದಿ ಮುಗಿಯಿತು ಹೊರಟ ಜಾಗದ ಮೊದಲ ಹೊಲಿಗೆಯಲಿ

ಕಾಕು ಅದನ್ನು ಎರಡು ಸಲ ಹೇಳಿಸಿ, ಹೇಳಿಕೊಳ್ಳುತ್ತಲೇ ತಿರುಗಿ ಬಂದರು. ಖಾಲಿಗಳು ತುಂಬಿದವು.

ಆಮೇಲೆ ವ್ಯವಹಾರದ ಮಾತು. ಚೀಟಿಯ ಮೇಲೆ ನೇಯ್ದವರು, ಹೊಲಿದವರು, ವಿನ್ಯಾಸ ಮಾಡಿದವರು, ಬರೆದವರು, ಎಲ್ಲರ ಹೆಸರು. ಕೂಲಿ ಗೇಣಿನ ಲೆಕ್ಕದಲ್ಲಿ, ಮೊದಲೇ ಅರ್ಧ. ಮಾರಿದ ಮೇಲೆ ಉಳಿದದ್ದರಲ್ಲಿ ಎಲ್ಲರಿಗೂ ಸಮಪಾಲು. ಹೆಸರಿನ ಮಾತಿಗೆ ಕಾಕು ಮೊದಲು ಬೇಡ ಅಂದರು. ತಂಗಿಯರು ಬಿಡಲಿಲ್ಲ. 'ಅಕ್ಕಾ, ಐವತ್ತು ವರ್ಷ ಹೊಲದೀ, ಒಂದರ ಮ್ಯಾಲೆ ನಿನ್ನ ಹೆಸರು ಅದ ಏನ?' ಕಾಕು ಒಪ್ಪಿದರು. ಆದರೆ ಒಂದು ಕರಾರು ಹಾಕಿದರು. ಪದ್ಯವನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೊಡಬೇಕು, ಹೊಲಿಯುವ ಎಲ್ಲ ಹೆಂಗಸರಿಗೂ ಒಂದೊಂದು. ಸೀರೆಯ ಪೂರ್ತಿ ಅಂಚಿಗೆ ಹಾಕಿದರೆ ತಿಂಗಳುಗಟ್ಟಲೆ ಬೇಕು. ಅದಕ್ಕೆ ಸದ್ಯಕ್ಕೆ ಸೆರಗಿನ ಅಂಚಿಗೆ ಮಾತ್ರ ಅಂತಾಯಿತು. ದೀಪಾವಳಿಗೆ ಮೊದಲ ಸೀರೆ.

ಕಳಸದ ಎರಡು ಹೊಲಿಗೆಯ ಮಾತು ಮಾತ್ರ ಬಗೆಹರಿಯಲಿಲ್ಲ. ಕಾಕುವಿಗೆ ಅದು ಹಳದಿ ಬೇಕು. ದೊಡ್ಡ ತಂಗಿಗೆ ಕೆಂಪೇ ಸಾಕು. ಚಿಕ್ಕವರು ಹಸಿರು ಅಂದರು, ಶ್ರಾವಣ ಅಲ್ವಾ ಅಂತ. ಗೆಳತಿ ಮೂರೂ ಬಣ್ಣದ ದಾರ ತಂದು ಕಪ್ಪು ಬಟ್ಟೆಯ ಮೇಲಿಟ್ಟು ನೋಡಿದಳು, ಮೂರೂ ಒಪ್ಪುತ್ತಿದ್ದವು. ನಕ್ಷೆಯ ಕೆಳಗೆ ಅವಳು ಕೊನೆಯದಾಗಿ ಬರೆದದ್ದು: 'ಕಳಸದ ಬಣ್ಣ, ಹೊಲಿಯುವವರ ಇಷ್ಟ.'